ಬಟ್ಟಿ ಎಂದವರು ಯಾರು

...ಅಥವಾ ನನ್ನ ಹೊಟ್ಟೆಯ ಮೇಲೆ ಬೋರಲು ಹಾಕಿದ ಆ ಚರಿಗೆ, ಆ ತಂಬಿಗೆ, ಸ್ಟೀಲಿನದಿರಬೇಕು. ಹೇಳುವಾಗಲೆಲ್ಲ ನಾನು ಹಿತ್ತಾಳೆ ಚರಿಗೆ ಎಂದೇ ಹೇಳುತ್ತ ಬಂದಿದ್ದೇನೆ. ಹಿತ್ತಾಳೆ ಅಂದರೆ ಕಥೆಗೆ ತೂಕ ಬರುತ್ತದೆ. ಆದರೆ ಹಾರೂಗೇರಿಯ ನಮ್ಮ ಬಾಡಿಗೆ ಮನೆಯಲ್ಲಿ ಹಿತ್ತಾಳೆಯ ಪಾತ್ರೆಯೇ ಇರಲಿಲ್ಲ. ಇಷ್ಟು ಸಣ್ಣ ವಿಷಯದಲ್ಲೇ ಸುಳ್ಳು ಸೇರಿಕೊಂಡಿದ್ದರೆ ಉಳಿದದ್ದನ್ನು ನಂಬುವುದು ಹೇಗೆ?

ನಂಬಬಹುದಾದದ್ದು ಇಷ್ಟು. ರವಿವಾರ ಬೆಳಿಗ್ಗೆ. ನನಗೆ ನಲವತ್ತಾರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಹಿಂದಿನ ದಿನದ ಕಡಲೆಹಿಟ್ಟಿನ ಝುಣಕ ತಿಂದು ಎದ್ದವನಿಗೆ ಎದೆಗೂಡಿನ ಕೆಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಮನೆಯಲ್ಲಿದ್ದವರು ನಾನು ಮತ್ತು ನನ್ನ ಹೆಂಡತಿ. ನಮ್ಮಿಬ್ಬರಲ್ಲಿ ಒಬ್ಬರು ಅಂದರು: ಬಟ್ಟಿ ಸರಿದಿದೆ.

ಹೊಕ್ಕಳಿನ ಹತ್ತಿರ ಮಿಡಿಯುವ ನಾಡಿಗೆ ನಮ್ಮ ಕಡೆ ಬಟ್ಟಿ ಅನ್ನುತ್ತಾರೆ. ಭಾರ ಎತ್ತಿದರೆ, ಎಡವಿದರೆ ಅದು ಜಾಗ ಬಿಡುತ್ತದಂತೆ. ಹೊಟ್ಟೆ ತಿಕ್ಕಿ ಮತ್ತೆ ಕೂಡಿಸಬೇಕಂತೆ. ಕೂಡಿಸುವಾಕೆ ಪಕ್ಕದ ಮನೆಯಲ್ಲೇ ಇದ್ದಳು, ಓಣಿಗೆಲ್ಲ ಆಯಿ ಆದ ಮುದುಕಿ, ನಿಪ್ಪಾಣಿಯಲ್ಲಿ ಅರ್ಧ ಆಯುಷ್ಯ ಬೀಡಿ ಕಟ್ಟಿ ಬಂದವಳು. ಅವಳ ಬೆರಳುಗಳಿಗೆ ತಂಬಾಕಿನ ನಾತ, ಅಂಗೈಯಲ್ಲಿ ಔಡಲೆಣ್ಣೆ. ಹೆಬ್ಬೆರಳನ್ನು ಹೊಕ್ಕಳಿಗೆ ಇಟ್ಟು ತಿರುವಿದಳು. ಹೊಟ್ಟೆಯ ಮೇಲೆ ಹಿಟ್ಟಿನ ಹಣತೆ ಹಚ್ಚಿಟ್ಟು ಅದರ ಮೇಲೆ ಚರಿಗೆ ಬೋರಲು ಹಾಕಿದಳು. ಅದು ಚರ್ಮವನ್ನು ಒಳಗೆ ಎಳೆದುಕೊಂಡಿತು, ಕಿತ್ತಾಗ ಲೊಚಕ್ಕೆಂದಿತು. ನಾನು ಹಾಸಿಗೆಯ ಮೇಲೇ ಕಾರಿಕೊಂಡೆ. ಝುಣಕದ ಹಳದಿ ಚೂರುಗಳು ಅವಳ ಸೀರೆಗೂ ಸಿಡಿದವು. ಅವಳಿಗೆ ಅದರಿಂದ ಸಂತೋಷವೇ ಆಯಿತು.

"ಪಿತ್ತ ಬಿತ್ತ ನೋಡ್ರಿ ಮಾಸ್ತರ. ಇನ್ನ ಬಟ್ಟಿ ಕೂತಂಗ."

ಎರಡು ತಾಸು ಹೀಗೆ ಹೋಯಿತು. ನನ್ನ ಬೆನ್ನಿನ ಕೆಳಗಿನ ಹಾಸಿಗೆ ಬೆವರಿನಿಂದ ತೊಯ್ದದ್ದನ್ನು ಕಂಡು ಹೆಂಡತಿ ರಸ್ತೆಗೆ ಓಡಿ ಒಂದು ಜೀಪು ನಿಲ್ಲಿಸಿದಳು. ಊರಿನ ಡಾಕ್ಟರು ಇಸಿಜಿ ತೆಗೆದವರೇ ಮಿರಜದ ದೊಡ್ಡ ಆಸ್ಪತ್ರೆಗೆ ಅಟ್ಟಿದರು. ಅಲ್ಲಿ ತೊಡೆಸಂದಿಯಿಂದ ತಂತಿ ತೂರಿಸಿ ಹೃದಯದ ನಾಳದಲ್ಲಿ ಸ್ಪ್ರಿಂಗಿನಂಥ ಸ್ಟೆಂಟ್ ಕೂಡಿಸಿದರು. ಮಿರಜದ ಡಾಕ್ಟರು ಮರಾಠಿಯಲ್ಲಿ, ಉಶೀರ ಝಾಲಾ, ತಡವಾಯಿತು ಎಂದರು. ಹೃದಯದ ಒಂದು ಗೋಡೆ ಇನ್ನು ಸರಿಯಾಗಿ ಅಲುಗುವುದಿಲ್ಲವಂತೆ.

ಮನೆಗೆ ಬಂದ ಮೇಲೆ ನನಗೆ ಎಲ್ಲದರ ಮೇಲೂ ಹೇಸಿಗೆ. ಉಪ್ಪಿಲ್ಲದ ಪಲ್ಯ ಬಾಯಲ್ಲಿ ಗಂಜಿಯಂತೆ ತಿರುಗುತ್ತಿತ್ತು. ತೊಡೆಸಂದಿ ನೀಲಿಗಟ್ಟಿ, ಆಮೇಲೆ ಕೊಳೆತ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಶಾಲೆಯಲ್ಲಿ ಮಾಳಿಗೆಯ ತರಗತಿ ಬಿಟ್ಟು ಕೆಳಗಿನದನ್ನು ಕೊಟ್ಟರು. ಅಲ್ಲೂ ಎರಡು ಪ್ರಮೇಯ ಬರೆದರೆ ಉಸಿರು ಸಾಲುತ್ತಿರಲಿಲ್ಲ. ಮಾತಾಡಿಸಲು ಬಂದವರು ಬಿಸ್ಕಿಟ್ ಪುಡಿಕೆ ಇಟ್ಟು, ಇದೇ ಬೇನೆಯಿಂದ ಸತ್ತವರ ಸುದ್ದಿ ಹೇಳಿ, ನನ್ನ ಬಿಸ್ಕಿಟನ್ನೇ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಪಾಲಬಾವಿಯಿಂದ ಬಂದ ವಿದ್ಯಾರ್ಥಿಯ ಪಾಲಕರೊಬ್ಬರು ಬಾಗಿ ನನ್ನ ಎದೆಗೆ ಕಿವಿ ತಂದು, "ಸರ, ಸ್ಪ್ರಿಂಗ್ ಸಪ್ಪಳ ಮಾಡತೈತೇನ್ರಿ?" ಎಂದು ಕೇಳಿದರು. ಆಯಿ ದಿನಾ ಬಂದು, ತಾನು ಬಟ್ಟಿ ಕೂಡಿಸಿದ್ದರಿಂದಲೇ ನಾನು ಮಿರಜದ ತನಕ ಜೀವ ಹಿಡಿದೆ ಎಂದು ಅವರಿಗೆಲ್ಲ ಹೇಳುತ್ತಿದ್ದಳು.

ನಾನೂ ಹೇಳುತ್ತಿದ್ದೆ. ಹೆಂಡತಿಗೆ ಬಟ್ಟಿ ಅನಿಸಿತು, ಆಯಿಯನ್ನು ಕರೆದಳು, ಎರಡು ತಾಸು ಹೋಯಿತು. ಕೇಳಿದವರು ನಕ್ಕು ಅಡಿಗೆಮನೆಯ ಕಡೆ ನೋಡುತ್ತಿದ್ದರು. ಕಲಿತಾಕೆ ಹೀಗೆ ಮಾಡಬಹುದೇ ಎಂದು ಅವಳ ತವರಿನವರೇ ಅವಳೆದುರಿಗೆ ಕೇಳಿದರು. ಎರಡು ವರ್ಷ ಅವಳು ಇದನ್ನೆಲ್ಲ ಕೇಳಿಸಿಕೊಂಡಳೆಂದು ಕಾಣುತ್ತದೆ. ರಾಯಬಾಗದಿಂದ ಬಂದಿದ್ದ ಒಬ್ಬ ಸಹೋದ್ಯೋಗಿಯ ಮುಂದೆ ನಾನು ಮತ್ತೆ ಶುರು ಮಾಡಿದ ದಿನ ಚಹಾದ ತಾಟು ಕೆಳಗಿಟ್ಟಳು.

"ನಾ ಎಲ್ಲಿ ಅಂದ್ನಿರಿ? ದವಾಖಾನಿಗೆ ಹೋಗೂಣು ಅಂದಾಕಿ ನಾನು. ಬಟ್ಟಿ ಐತಿ, ಆಯೀನ ಕರಿ ಅಂದವರು ನೀವು."

ನಾನು ನಗುತ್ತ, ಗಾಬರಿಯಲ್ಲಿದ್ದೆ, ನಿನಗೆ ನೆನಪಿಲ್ಲ ಎಂದೆ.

"ನೆನಪ ಇರಲಾರದವರು ನೀವು. ನಿಮ್ಮ ವಾಂತಿ ಬಳದಾಕಿ ನಾನು."

ಅಂದಿನಿಂದ ಅವಳು ಹೊತ್ತಿಗೆ ಸರಿಯಾಗಿ ಗುಳಿಗೆ ಕೊಟ್ಟಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ನನ್ನ ಹತ್ತಿರ ಬಂದು ಕೂಡುವುದನ್ನು ಬಿಟ್ಟಳು.

ಸಾಕ್ಷಿ ಬೇಕೆಂದು ಆಯಿಯ ಮನೆಗೆ ಹೋದೆ. ಅವಳಿಗೆ ಯೋಚನೆಯೇ ಬೇಕಾಗಲಿಲ್ಲ. "ಯಾರೂ ಕರೀಲಿಲ್ರಿ ಮಾಸ್ತರ. ನಾ ಮಜ್ಜಿಗಿ ಕೇಳಾಕ ಬಂದಿದ್ನಿ. ನೀವು ಹೊಟ್ಟಿ ಹಿಡ್ಕೊಂಡ ಕುಂತಿದ್ರಿ." ಬಟ್ಟಿ ಎಂದವರು ಯಾರು ಎಂದು ಕೇಳಿದೆ. ಅದನ್ನು ಹೇಳುವುದೇನು, ನೋಡಿದರೆ ತಿಳಿಯುತ್ತಿತ್ತು ಎಂದಳು.

ಆ ಬೆಳಗಿನ ನಾತಗಳೆಲ್ಲ ನನಗೆ ನೆನಪಿವೆ: ತಂಬಾಕು, ಔಡಲೆಣ್ಣೆ, ನನ್ನ ಹೊಟ್ಟೆಯಿಂದ ಬಂದದ್ದು. ಮಾತಿಗೆ ಮಾತ್ರ ದನಿಯಿಲ್ಲ. ನನ್ನ ದನಿಯಲ್ಲಿ ಅಂದು ನೋಡಿದರೆ ಅದು ನನ್ನದು, ಅವಳ ದನಿಯಲ್ಲಿ ಅಂದರೆ ಅವಳದು. ಇದನ್ನು ಅವಳಿಗೇ ಹೇಳಿದೆ, ನನಗೆ ಗೊತ್ತಿಲ್ಲ ಅಂತ. ಅವಳು ಕೇಳಿದಳು, "ಆಗ ಹೇಳಿದ್ರಲ್ಲ, ಆ ಮಂದಿ ಮುಂದ ಹಿಂಗ ಹೇಳ್ತೀರಿ?"

ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಮಾತಾಡಿಸಲು ಬರುವವರು ನಿಂತು ಬಹಳ ದಿನವಾಗಿತ್ತು. ನಾನಾಗಿಯೇ ಒಬ್ಬೊಬ್ಬರ ಮನೆಗೆ ಹೋಗಲಿಲ್ಲ. ಊರಲ್ಲಿ ಉಳಿದಿರುವುದು ನಾನು ಮೊದಲು ಹೇಳಿದ ಕಥೆಯೇ.

ಬಟ್ಟಿ ಎಂದವರು ಯಾರು ಎಂಬುದು ನನಗೆ ಗೊತ್ತಿಲ್ಲ. ಆ ಎರಡು ತಾಸು ಹಾಳಾಗದಿದ್ದರೆ ಹೃದಯದ ಆ ಗೋಡೆ ಇಂದು ಅಲುಗುತ್ತಿತ್ತೇ ಎಂಬುದೂ ಗೊತ್ತಿಲ್ಲ.