ಏಣಿ ಹೊತ್ತವನ ಪುಟ ಸಂಖ್ಯೆ

ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಬೇಕಾದರೆ ನೀವೇ ಹೋಗಿ ಎತ್ತಿಕೊಳ್ಳುವಂತಿಲ್ಲ. ಅಂಗೈಯಗಲದ ಚೀಟಿಯಲ್ಲಿ ಪುಸ್ತಕದ ಹೆಸರು, ಸಂಖ್ಯೆ ಬರೆದು ಕೌಂಟರಿನಲ್ಲಿ ಕೊಡಬೇಕು. ಗಂಟೆ ಬಾರಿಸಿದರೆ ಅಟೆಂಡರು ಬಂದು ಚೀಟಿ ತೆಗೆದುಕೊಂಡು, ನೆಲಮಾಳಿಗೆಗೆ ಇಳಿದು, ಹುಡುಕಿ ತಂದುಕೊಡಬೇಕು. ಮೂವತ್ತೊಂದು ವರ್ಷ ಹಾಗೆ ಇಳಿದು ಹತ್ತಿದವರನ್ನು ಎಲ್ಲರೂ ಚೀಟಿಯಣ್ಣ ಎನ್ನುತ್ತಿದ್ದೆವು. ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೊಂದು ಹೆಸರಿದೆ ಅನ್ನುವುದು ನನಗೆ ಹೊಳೆದದ್ದೇ ಬಹಳ ತಡವಾಗಿ.

ನಾನು ಇತಿಹಾಸ ಪಾಠ ಮಾಡುವವಳು. ಬಾಯಿ ಸ್ವಲ್ಪ ಜೋರು, ಅದು ನನಗೂ ಗೊತ್ತು. ಮಕ್ಕಳು ಪ್ರಬಂಧ ಬರೆದು ತಂದರೆ ಮೊದಲು ಹಿಂದಿನಿಂದ ತಿರುವುತ್ತೇನೆ. "ಮೂಲ ಎಲ್ಲಿ? ತಾರೀಕು ಎಲ್ಲಿ? ಪುಟ ಎಷ್ಟು? ಇದ್ಯಾವುದೂ ಇಲ್ದಿದ್ರೆ ಇದು ಪ್ರಬಂಧ ಅಲ್ಲಪ್ಪಾ, ಕಾಡುಹರಟೆ!" ಎಂದು ಓದುಕೋಣೆಯಲ್ಲೇ ಕೂಗಾಡಿದ್ದೇನೆ. ಸದ್ದು ಮಾಡಬೇಡಿ ಎಂದು ಬರೆದ ಹಲಗೆಯ ಕೆಳಗೇ ನಿಂತು.

ನನ್ನ ಸ್ವಂತ ಪ್ರಬಂಧಕ್ಕೂ ಚೀಟಿಯಣ್ಣನೇ ದಿಕ್ಕು. ಊರಿನ ಪುರಸಭೆಯ ಚರಿತ್ರೆ ಬರೆಯಲು ಹೊರಟಿದ್ದೆ. ನಾನು ಎರಡು ವರದಿ ಕೇಳಿದರೆ ಅವರು ಮೂರು ತರುತ್ತಿದ್ದರು. "ಇದನ್ನೂ ಒಂದ್ಸಲ ನೋಡಿಬಿಡಿ ಮೇಡಂ" ಎಂದು ಮೂರನೆಯದನ್ನು ಮೆಲ್ಲಗೆ ಮೇಜಿನ ತುದಿಗೆ ಇಟ್ಟು ಹೋಗುತ್ತಿದ್ದರು. ನನ್ನ ಪ್ರಬಂಧದ ಜೀವಾಳವೆಲ್ಲ ಆ ಮೂರನೆಯದರಲ್ಲೇ ಸಿಕ್ಕಿತು. ಕೊನೆಯಲ್ಲಿ ನಾನು ಗ್ರಂಥಪಾಲಕರಿಗೆ ಕೃತಜ್ಞತೆ ಹೇಳಿದೆ, ವಿಭಾಗದ ಮುಖ್ಯಸ್ಥರಿಗೆ ಹೇಳಿದೆ, ಆ ಇಡೀ ವರ್ಷದಲ್ಲಿ ಎರಡು ಸಲ ಟೀ ಮಾಡಿಕೊಟ್ಟ ನನ್ನ ಯಜಮಾನರಿಗೂ ಹೇಳಿದೆ. ಚೀಟಿಯಣ್ಣನ ನೆನಪೇ ಆಗಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಲ್ಲಿ ಇನ್ನೊಂದು ಕಟ್ಟಳೆಯಿತ್ತು. ಸಿಬ್ಬಂದಿ ಓದುಗರ ಮೇಜಿನಲ್ಲಿ ಕೂರಬಾರದು. ಮಧ್ಯಾಹ್ನ ಕೋಣೆಯಲ್ಲಿ ನರಪಿಳ್ಳೆ ಇರದಿದ್ದರೂ ಚೀಟಿಯಣ್ಣ ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಇರುತ್ತಿದ್ದರು. ಕಿಟಕಿ ಪಕ್ಕದ ಮೇಜನ್ನು ದಿನಾ ಬೆಳಿಗ್ಗೆ ಒರೆಸುವಾಗ ಅದೊಂದಕ್ಕೇ ಎರಡು ಸಲ ಬಟ್ಟೆ ಆಡಿಸುತ್ತಿದ್ದರು.

ನಿವೃತ್ತಿಯಾದ ದಿನ ಅವರಿಗೆ ಹಾರ ಹಾಕಿ, ಗಡಿಯಾರ ಕೊಟ್ಟು, ಎರಡು ಮಾತಾಡಿ ಕಳಿಸಿದೆವು. ಇನ್ನು ಮನೆಯಲ್ಲಿ ಮೊಮ್ಮಕ್ಕಳ ಜೊತೆ ಇರುತ್ತಾರೆ ಎಂದುಕೊಂಡೆ. ನಾಲ್ಕನೇ ದಿನ ನೋಡುತ್ತೇನೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದಾರೆ! ಎದುರಿಗೆ ಮಗ್ಗಲು ಹರಿದ ದೊಡ್ಡದೊಂದು ಸಂಪುಟ, ಹಳೆಯ ಕಾಲದ ದಿನಪತ್ರಿಕೆಗಳನ್ನು ಮೂರು ಮೂರು ತಿಂಗಳಿಗೆ ಸೇರಿಸಿ ಬೈಂಡು ಮಾಡಿದ್ದು.

"ಏನ್ ಚೀಟಿಯಣ್ಣ, ಮನೇಲಿ ಹೊತ್ತು ಹೋಗ್ತಿಲ್ವಾ?" ಎಂದೆ.

"ಹೊರಗಿನವರ ಕಾರ್ಡ್ ಮಾಡಿಸಿದೀನಿ ಮೇಡಂ," ಎಂದು ಎದ್ದು ನಿಂತರು. ಕಾರ್ಡನ್ನೂ ತೆಗೆದು ತೋರಿಸಿದರು. "ಒಂದು ಪ್ರಬಂಧ ಬರೀಬೇಕು ಅಂತ."

ನಗು ಬಂತು. ನಗಲಿಲ್ಲ, ಅಷ್ಟು ಬುದ್ಧಿ ಇತ್ತು. "ಕೂತ್ಕೊಳಿ, ಕೂತ್ಕೊಳಿ. ಯಾವುದರ ಬಗ್ಗೆ?" ಎಂದು ಎದುರಿಗೆ ಕುರ್ಚಿ ಎಳೆದುಕೊಂಡೆ.

ಅವರ ತಾತ ಪುರಸಭೆಯ ದೀಪದವರು. ಕರೆಂಟು ಬರುವ ಮೊದಲು ಸಂಜೆ ಏಣಿ ಹೊತ್ತು, ಕಂಬದಿಂದ ಕಂಬಕ್ಕೆ ಹೋಗಿ ಎಣ್ಣೆ ದೀಪ ಹಚ್ಚುತ್ತಿದ್ದವರು. ಹನ್ನೊಂದು ವರ್ಷಗಳಲ್ಲಿ ಒಂದೊಂದೇ ಬೀದಿಗೆ ಕರೆಂಟು ಬಂತು, ಒಬ್ಬೊಬ್ಬರೇ ದೀಪದವರ ಕೆಲಸ ಹೋಯಿತು. ತಾತನದೂ ಹೋಯಿತು. ಆದರೆ ಕೆಲಸ ಹೋದ ಮೇಲೂ ತಾತ ಸಂಜೆಯಾದರೆ ಏಣಿ ಹೊತ್ತು ಹೊರಡುತ್ತಿದ್ದರಂತೆ. ಹೀಗೆಂದು ಚೀಟಿಯಣ್ಣನ ಅಪ್ಪ ಹೇಳುತ್ತಿದ್ದರು. ಕಣ್ಣಾರೆ ಕಂಡವರು ಅಪ್ಪನ ಹೊರತು ಯಾರೂ ಉಳಿದಿರಲಿಲ್ಲ, ಮನೆಯಲ್ಲಿ ಯಾರೂ ನಂಬಲಿಲ್ಲ. "ನಿಮ್ಮಪ್ಪ ರೈಲು ಬಿಡೋದರಲ್ಲಿ ಎತ್ತಿದ ಕೈ" ಎಂದು ಸೋದರತ್ತೆ ಎಲ್ಲರೆದುರು ನಗಾಡುತ್ತಿದ್ದರಂತೆ. ಅಪ್ಪ ಸುಳ್ಳುಗಾರ ಅನ್ನಿಸಿಕೊಂಡೇ ಸತ್ತರು.

"ಆಮೇಲೆ ನನಗೆ ಸಿಕ್ತು ಮೇಡಂ," ಎಂದರು. "ಪೇಪರಿಗೆ ಯಾರೋ ಬರೆದ ಪತ್ರ. ಬಾಯಿಪಾಠ ಇದೆ." ಕಣ್ಣು ಮುಚ್ಚಿ ಹೇಳಿದರು: "ನಮ್ಮ ಬೀದಿಗೆ ವಿದ್ಯುದ್ದೀಪ ಬಂದು ಎಂಟು ತಿಂಗಳಾದರೂ ಹಳೆಯ ದೀಪದವನೊಬ್ಬ ದಿನವೂ ಸಂಜೆ ಏಣಿ ಹೊತ್ತು ಬಂದು, ಪ್ರತಿ ಕಂಬದ ಕೆಳಗೂ ನಿಂತು ಹೋಗುತ್ತಾನೆ. ಮಕ್ಕಳು ಹೆದರುತ್ತಾರೆ. ಪುರಸಭೆಯವರು ಈತನನ್ನು ತಡೆಯಬೇಕು."

ನನಗೆ ಮೈ ಜುಮ್ಮೆಂದಿತು. ಇತಿಹಾಸದವರಿಗೆ ಇಂಥದ್ದು ಆಯುಷ್ಯದಲ್ಲಿ ಒಂದು ಸಿಕ್ಕರೆ ಹೆಚ್ಚು. "ಯಾವ ತಾರೀಕು? ಯಾವ ಪುಟ?" ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ.

"ಅದನ್ನೇ ಹುಡುಕ್ತಾ ಇದೀನಿ. ಚೀಟಿ ಇಟ್ಟಿದ್ದೆ. ಈಗ ಇಲ್ಲ."

ಆಮೇಲೆ ಬಿಡಿಸಿ ಹೇಳಿದರು. ನೆಲಮಾಳಿಗೆಯಲ್ಲಿ ನಿಂತು ಎರಡು ಸಾಲು ಓದುವಷ್ಟರಲ್ಲಿ ಮೇಲೆ ಯಾರಾದರೂ ಗಂಟೆ ಬಾರಿಸುತ್ತಿದ್ದರು. ಕೈಯಲ್ಲಿದ್ದ ಹಳೆಯ ಚೀಟಿಯನ್ನು ಆ ಪುಟಕ್ಕೆ ಸಿಕ್ಕಿಸಿ ಓಡಿ ಬರುತ್ತಿದ್ದರು. ದೀಪದವರ ಸುದ್ದಿ ಎಲ್ಲಿ ಕಂಡರೂ ಒಂದು ಚೀಟಿ. ಹೀಗೆ ಮೂವತ್ತೊಂದು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಚೀಟಿ. ಬೇರೆ ಟಿಪ್ಪಣಿ ಅಂತ ಏನೂ ಮಾಡಿಕೊಳ್ಳಲಿಲ್ಲ. ಸಂಪುಟಗಳೆಲ್ಲಿ ಹೋಗುತ್ತವೆ, ನಿವೃತ್ತಿಯಾದ ಮೇಲೆ ನಿಧಾನವಾಗಿ ಕೂತು ಬರೆದರಾಯಿತು ಎಂದುಕೊಂಡಿದ್ದರು.

ಹಿಂದಿನ ವರ್ಷ ಆ ಸಂಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದೆವು. ಗ್ರಂಥಾಲಯ ಸಮಿತಿಯಿಂದ ಆ ಕೆಲಸದ ಮೇಲ್ವಿಚಾರಣೆ ನನ್ನದೇ. ಪುಟಪುಟದಲ್ಲೂ ಹರಕು ಕಾಗದ ಸಿಕ್ಕುತ್ತಿದೆ, ಏನು ಮಾಡೋಣ ಎಂದು ಸ್ಕ್ಯಾನಿನವರು ಕೇಳಿದಾಗ, "ಥೂ, ಯಾವ ಸೋಮಾರಿಗಳ ಕೆಲಸವೋ! ಎಲ್ಲಾ ಕಿತ್ತು ಬುಟ್ಟಿಗೆ ಹಾಕಿ" ಎಂದವಳು ನಾನು. ಸ್ಕ್ಯಾನ್ ಆಗಿದ್ದಾದರೂ ಬರೀ ಚಿತ್ರ. ಅದರಲ್ಲಿ ಪದ ಕೊಟ್ಟು ಹುಡುಕಲು ಬರುವುದಿಲ್ಲ. ಒಂದೊಂದೇ ಪುಟ ಕಣ್ಣಿನಲ್ಲೇ ನೋಡಬೇಕು. ಹನ್ನೊಂದು ವರ್ಷ, ನಲವತ್ನಾಲ್ಕು ಸಂಪುಟ. ಆ ಪತ್ರಿಕೆಯವರು ಓದುಗರ ಪತ್ರಗಳನ್ನು ಎಲ್ಲಿ ಜಾಗ ಉಳಿದರೆ ಅಲ್ಲಿಗೆ ತುರುಕುತ್ತಿದ್ದರು. ಎಡಗಡೆ ಪುಟ, ಕೆಳಗಡೆ, ಪಕ್ಕದಲ್ಲಿ ಕೂದಲೆಣ್ಣೆಯ ಜಾಹೀರಾತು, ಇಷ್ಟೇ ಚೀಟಿಯಣ್ಣನಿಗೆ ನೆನಪು. ಕೂದಲೆಣ್ಣೆಯ ಜಾಹೀರಾತು ದಿನ ಬಿಟ್ಟು ದಿನ ಇದೆ.

ಹದಿನೈದು ದಿನ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಕಾರಿಡಾರಿನಿಂದ ಕಾಣುತ್ತಿತ್ತು. ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಮುಖ ಓರೆ ಮಾಡಿ, ಪುಟಕ್ಕೆ ಮೂಗು ತಾಗುವಷ್ಟು ಬಗ್ಗಿ, ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ಊಟದ ಹೊತ್ತಿಗೆ ಅವರ ಹೆಂಡತಿ ಡಬ್ಬಿ ತಂದು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು. ಅವರು ಒಮ್ಮೆ ನನ್ನನ್ನು ತಡೆದು, "ಅದೇನೋ ಒಂದು ಪುಟ ಅಂತಲ್ಲಮ್ಮಾ, ಬೇಗ ಸಿಗೋ ಹಾಗೆ ಮಾಡಿ. ರಾತ್ರಿಯೆಲ್ಲಾ ಅದೇ ಕನವರಿಕೆ" ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಾರನೆಯ ದಿನ ಗಟ್ಟಿ ಮನಸ್ಸು ಮಾಡಿ ಎದುರಿಗೆ ಕೂತೆ. "ಚೀಟಿಯಣ್ಣ, ಆ ಚೀಟಿಗಳನ್ನ ಕಿತ್ತು ಹಾಕ್ಸಿದ್ದು ನಾನು."

"ಗೊತ್ತು ಮೇಡಂ," ಎಂದರು ಬೆರಳನ್ನು ಸಾಲಿನಿಂದ ತೆಗೆಯದೆ. "ಬುಟ್ಟಿ ಖಾಲಿ ಮಾಡಿದ್ದು ನಾನೇ ಅಲ್ವಾ."

"ಅಯ್ಯೋ! ಹಾಗಾದ್ರೆ ಆ ಚೀಟಿಗಳನ್ನಾದ್ರೂ..."

"ಅದನ್ನಿಟ್ಕೊಂಡು ಏನ್ ಮಾಡ್ಲಿ? ಅವುಗಳ ಮೇಲೆ ಮಕ್ಕಳು ಕೇಳಿದ ಪುಸ್ತಕದ ಹೆಸರು ಇತ್ತು, ಅಷ್ಟೇ. ನನ್ನದೆಲ್ಲ ಅವು ಇದ್ದ ಜಾಗದಲ್ಲಿತ್ತು."

"ಒಂದು ಮಾತು ಹೇಳಬಾರದಿತ್ತಾ? ನಾನೇನು ಹುಲಿನಾ, ಕರಡಿನಾ?"

"ಏನಂತ ಹೇಳ್ಲಿ ಮೇಡಂ? ಡ್ಯೂಟಿ ಹೊತ್ತಲ್ಲಿ ಓದ್ತಾ ನಿಂತಿದ್ದೆ ಅಂತನಾ? ಅದೂ ನಿಮ್ಮ ಹತ್ರ?"

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನೂ ತಿರುಗಿಸಿ ಒಂದು ಅಂದು ಹಗುರಾಗುತ್ತಿದ್ದೆ. ಪುಸ್ತಕ ತರಲು ತಡವಾಯಿತೆಂದು ಎಷ್ಟೋ ಸಲ ಅವರ ಮೇಲೆ ಹಾರಾಡಿದ್ದು, ಒಮ್ಮೆ ಗ್ರಂಥಪಾಲಕರಿಗೆ ದೂರು ಬರೆದದ್ದು, ಎಲ್ಲ ನೆನಪಾಯಿತು. ಆ ತಡವಾದ ಐದೈದು ನಿಮಿಷಗಳಲ್ಲೇ ಈ ಮನುಷ್ಯ ತನ್ನ ತಾತನನ್ನು ಹುಡುಕಿದ್ದು.

ಆಗ ಜೀವಮಾನದಲ್ಲಿ ಹೇಳದ ಮಾತೊಂದನ್ನು ಹೇಳಿದೆ. "ಪ್ರಬಂಧ ಬರೀರಿ ಚೀಟಿಯಣ್ಣ. ತಾರೀಕು, ಪುಟ ಇಲ್ದಿದ್ರೂ ಪರವಾಗಿಲ್ಲ. ಆ ಪತ್ರ ಇರೋದು ನಿಜ ಅಂತ ನಾನು ಸಹಿ ಹಾಕ್ತೀನಿ. ನನ್ನ ಮಾತಿಗೆ ಯಾರೂ ಎದುರಾಡಲ್ಲ."

ಅವರು ಮೊದಲ ಸಲ ಪುಟದಿಂದ ತಲೆಯೆತ್ತಿ, ಪೊರೆಯಿಲ್ಲದ ಕಣ್ಣಿನಿಂದ ನನ್ನನ್ನು ನೋಡಿದರು. ಬೇಜಾರಾಗದ ಹಾಗೆ ಹೇಳುವುದು ಹೇಗೆ ಎಂದು ಯೋಚಿಸುತ್ತಿದ್ದರೇನೋ.

"ಬೇಡ ಮೇಡಂ. ಆಗ ನೀವು ಹೇಳಿದ್ರಿ ಅಂತ ನಂಬ್ತಾರೆ. ನಮ್ಮ ತಾತ ಅಲ್ಲಿ ನಿಂತಿದ್ರು ಅಂತ ನಂಬಲ್ಲ."

ನಾನು ಕನ್ನಡಕ ಒರೆಸಿಕೊಂಡು ಅವರು ಇನ್ನೂ ಮುಟ್ಟದ ಒಂದು ಸಂಪುಟವನ್ನು ನನ್ನ ಕಡೆಗೆ ಎಳೆದುಕೊಂಡೆ. ಮೊದಲ ಪುಟದಿಂದಲೇ ಶುರು ಮಾಡಿದೆ.