ಅಲ್ಲಾಡಿಸಿ ನೋಡಿದ ವಾಚು

ತಿಪಟೂರಿನಲ್ಲಿ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವನು ನಾನು. ಓದಿದ್ದು ಹೈಸ್ಕೂಲಿನವರೆಗೆ. ಆಮೇಲೆ ನನ್ನನ್ನು ಸಾಕಿದ್ದು ನನ್ನ ಕಿವಿ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಒಡೆಯಬೇಕಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ನೀರಿದ್ದರೆ ಗುಳುಗುಳು, ಒಣಗಿದ್ದರೆ ಲೊಟಲೊಟ, ಕೆಟ್ಟಿದ್ದರೆ ಮಂಕಾದ ಒಂದು ಸದ್ದು. ಮಾಯಸಂದ್ರದಿಂದ ಶೆಟ್ಟಿಕೆರೆಯವರೆಗೆ ನಾನು ಹತ್ತದ ಅಟ್ಟ ಕಡಿಮೆ. ನಾನು "ಆಯ್ತು, ಇಳಿಸಿ" ಅಂದರೆ ಇಳಿಸುತ್ತಿದ್ದರು, "ಇನ್ನೂ ಇರಲಿ" ಅಂದರೆ ಬಿಡುತ್ತಿದ್ದರು. ಆ ಕಿವಿಯಿಂದಲೇ ಒಬ್ಬ ಗೆಳೆಯನ ಮಾನ ಕಳೆದೆ. ಅದನ್ನು ಹೇಳಿಬಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಮಗೆ ಮೂವರಿಗೆ ವಾಚಿನ ಹುಚ್ಚು. ಒಬ್ಬರು ಮೆಡಿಕಲ್ ಸ್ಟೋರ್ ಇಟ್ಟವರು. ಇನ್ನೊಬ್ಬ ನನ್ನ ಜೊತೆ ಶಾಲೆಗೆ ಬಂದವನು, ಊರಾಚೆ ತೆಂಗಿನ ತೋಟದವನು. ಮೂರನೆಯವನು ನಾನು. ಮೂವರ ಕೈಯಲ್ಲೂ ಇದ್ದದ್ದು ಒಂದೇ ಸ್ವಿಸ್ ಕಂಪನಿಯ ಒಂದೇ ಮಾದರಿ. ತೆಳ್ಳನೆಯದು, ಬಿಳಿ ಮುಖ, ದಿನಾ ಬೆಳಿಗ್ಗೆ ಕೀ ಕೊಡಬೇಕು. ತೋಟ, ಕಾರು ಊರಲ್ಲಿ ಬೇಕಾದಷ್ಟು ಜನಕ್ಕಿದ್ದವು; ಆ ವಾಚು ನಮ್ಮ ಮೂವರಿಗೇ. ಭಾನುವಾರ ಬೆಳಿಗ್ಗೆ ಮೆಡಿಕಲ್ ಸ್ಟೋರಿನ ಹಿಂದಿನ ರೂಮಿನಲ್ಲಿ ಕಾಫಿ ತರಿಸಿಕೊಂಡು ಕೂರುತ್ತಿದ್ದೆವು. ಮೂರನ್ನೂ ಟವೆಲಿನ ಮೇಲೆ ಸಾಲಾಗಿ ಇಟ್ಟು, ಯಾವುದು ಎಷ್ಟು ಸೆಕೆಂಡು ಹಿಂದೆ ಬಿದ್ದಿದೆ ನೋಡಿ, ಒಟ್ಟಿಗೆ ಕೀ ಕೊಡುತ್ತಿದ್ದೆವು. ಇಂತಿಷ್ಟು ಸುತ್ತಾದ ಮೇಲೆ ಕೀ ಬಿಗಿದು ನಿಲ್ಲುತ್ತಿತ್ತು. ಆ ನಿಲ್ಲುವುದರಲ್ಲಿ ಒಂದು ಸುಖವಿತ್ತು.

ಎರಡು ವರ್ಷದ ಹಿಂದೆ ಕಂಪನಿ ಆ ಮಾದರಿಯನ್ನು ಬದಲಾಯಿಸಿತು. ಮೆಡಿಕಲ್ ಸ್ಟೋರಿನವರು ಫೋನಿನಲ್ಲಿ ಫೋಟೊ ತೋರಿಸಿದರು. ಮುಖ ಅದೇ, ಆದರೆ ಅಗಲ ಕೂದಲೆಳೆಯಷ್ಟು ಹೆಚ್ಚು, ದಪ್ಪ ಸ್ವಲ್ಪ ಹೆಚ್ಚು, ಮೂರರ ಜಾಗದಲ್ಲಿ ತಾರೀಖಿನ ಕಿಟಕಿ. ಹತ್ತಿರದವರ ಸಾವಿನ ಸುದ್ದಿ ಕೇಳಿದವರ ಹಾಗೆ ಕೂತೆವು.

"ಚೆನ್ನಾಗಿರೋದನ್ನ ಯಾಕ್ರೀ ಮುಟ್ಟಬೇಕಾಗಿತ್ತು ಇವ್ರು?" ಎಂದೆ.

"ದಪ್ಪ ಮಾಡವ್ರೆ ಅಂದ್ರೆ ಒಳಗೇನೋ ಅಗ್ಗದ್ದು ತುಂಬವ್ರೆ ಕಣ್ರೀ," ಎಂದರು ಮೆಡಿಕಲ್ ಸ್ಟೋರಿನವರು.

ತೋಟದ ಗೆಳೆಯ ಮಾತ್ರ ನಕ್ಕ. "ನಂಗೇನೋ ಚೆನ್ನಾಗೇ ಕಾಣ್ತೈತೆ. ತಾರೀಖಿದ್ರೆ ನಿಮ್ಮಂಥ ಮರೆಗುಳಿಗಳಿಗೆ ಒಳ್ಳೇದೇ ಬುಡ್ರಿ."

ಆ ನಗು ನನಗೆ ಸೇರಲಿಲ್ಲ. ನಮ್ಮವನೇ ಆಗಿ ಕಂಪನಿಯ ಕಡೆ ಮಾತಾಡುತ್ತಾನಲ್ಲ ಎನ್ನಿಸಿತು.

ಅದೇ ಸಮಯಕ್ಕೆ ಅವನ ಮಗಳಿಗೆ ಅರಳಗುಪ್ಪೆಯ ಕಡೆ ಮದುವೆ ಗೊತ್ತಾಯಿತು. ವರನಿಗೆ ವಾಚು ಕೊಡುವುದು ಹೆಣ್ಣಿನ ಕಡೆಯವರ ಪದ್ಧತಿ. "ನನ್ನ ಕೈಲಿರೋ ಅಂಥದ್ದೇ, ಹೊಚ್ಚ ಹೊಸದು ಕೊಡ್ತೀನಿ" ಎಂದು ಅವನು ಬೀಗರಿಗೆ ಮಾತು ಕೊಟ್ಟಿದ್ದ. ನಮ್ಮನ್ನು ಕರೆಯದೆ ಒಬ್ಬನೇ ಬೆಂಗಳೂರಿಗೆ ಹೋಗಿ ಹೊಸ ಮಾದರಿಯನ್ನೇ ತಂದ. ಮದುವೆಗೆ ಹತ್ತು ದಿನವಿರುವಾಗ ಟವೆಲಿನ ಮೇಲೆ ಇಟ್ಟ. ನಮ್ಮ ಮೂರರ ಪಕ್ಕ ಅದು ಅಪರಿಚಿತನ ಹಾಗೆ ಕಂಡಿತು.

"ಎಲ್ಲಿ ತಗೊಂಡೆ?" ಎಂದೆ.

"ದೊಡ್ಡ ಅಂಗಡೀಲೇ ಕಣ್ಲಾ. ಬಿಲ್ಲು, ಕಾರ್ಡು, ಪುಸ್ತಕ ಎಲ್ಲಾ ಐತೆ."

"ಬಿಲ್ಲು ಯಾರು ಬೇಕಾದ್ರೂ ಹೊಡಿಸ್ತಾರೆ."

ಅವನು ವಾಚನ್ನು ಎತ್ತಿಕೊಂಡು, "ಒಂದೇ ಒಂದು ಅನುಮಾನ ಕಣಪ್ಪ. ಕೀ ಎಷ್ಟು ತಿರುಗಿಸಿದ್ರೂ ನಿಲ್ತಾನೇ ಇಲ್ಲ. ನೀನೇ ನೋಡು" ಎಂದು ಕೈಗೆ ಕೊಟ್ಟ. ತಿರುಗಿಸಿದೆ. ನಲವತ್ತು ಸುತ್ತಾದರೂ ಬಿಗಿಯಲಿಲ್ಲ. ಆಮೇಲೆ ನನ್ನ ಕೈ ಅಭ್ಯಾಸದಂತೆ ತಾನೇ ಕಿವಿಯ ಹತ್ತಿರ ಹೋಯಿತು. ಅಲ್ಲಾಡಿಸಿದೆ. ಒಳಗೆ ಏನೋ ಭಾರವಾದದ್ದು ಜಾರಿ ಸುತ್ತಿದ ಸದ್ದು. ನನ್ನ ವಾಚನ್ನು ಅಲ್ಲಾಡಿಸಿದೆ, ಸದ್ದೇ ಇಲ್ಲ.

"ಒಳಗೆ ಬಿಟ್ಕೊಂಡೈತೆ ಕಣ್ಲಾ. ಇದು ಡೂಪ್ಲಿಕೇಟು."

"ಅಂಗಡಿಗೆ ಹೋಗಿ ಕೇಳ್ಲಾ?"

"ಮೋಸ ಮಾಡ್ದೋನು ಮೋಸ ಮಾಡ್ದೆ ಅಂತಾನಾ? ಹೋಗಿ ನಗೆಪಾಟಲಾಗ್ತೀಯ ಅಷ್ಟೆ."

ಮೆಡಿಕಲ್ ಸ್ಟೋರಿನವರು ಹೌದೆಂದು ತಲೆಯಾಡಿಸಿದರು. ತೋಟದ ಗೆಳೆಯ ನನ್ನ ಮಾತು ನಂಬಿದ. ಇಪ್ಪತ್ತು ವರ್ಷ ಅವನ ಅಟ್ಟ ಖಾಲಿಯಾಗಿದ್ದು ನನ್ನ ಕಿವಿಯ ಮಾತಿನ ಮೇಲೆ. ವಾಚನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೋದ.

ಮದುವೆಯ ಮಂಟಪದಲ್ಲಿ ಅವನು ತನ್ನ ಕೈಯಲ್ಲಿದ್ದ ಹಳೇ ವಾಚನ್ನು ಬಿಚ್ಚಿ ಅಳಿಯನಿಗೆ ಕಟ್ಟಿದ. ಬೀಗರು ಬೆಲ್ಟಿನ ಸವೆದ ತೂತು ನೋಡಿ, "ಹೊಸದು ಅಂದಿದ್ರಲ್ಲ?" ಎಂದರು. ಸುಳ್ಳು ಹೇಳಲು ಬಾರದವನು ಅವನು. ತಂದದ್ದನ್ನು ನಾನು ಅಲ್ಲಾಡಿಸಿ ನೋಡಿದ್ದು, ಅದು ಡೂಪ್ಲಿಕೇಟು ಅಂದದ್ದು, ಎಲ್ಲ ಹೇಳಿಬಿಟ್ಟ. ಅಲ್ಲಿಂದ ಆ ಮನೆಯಲ್ಲಿ ಅದೊಂದು ಚುಚ್ಚುಮಾತಾಯಿತು. ಮಗಳು ತವರಿನಿಂದ ಏನು ತೆಗೆದುಕೊಂಡು ಹೋದರೂ ಮಾವ, "ಒಂದ್ಸಲ ಅಲ್ಲಾಡಿಸಿ ನೋಡ್ರಪ್ಪ, ಬೀಗರ ಮನೆ ಸಾಮಾನು" ಎನ್ನುವುದು, ಬಂದವರು ನಗುವುದು. ಚಕ್ಕುಲಿ ಡಬ್ಬಿಯನ್ನೂ ಬಿಡಲಿಲ್ಲವಂತೆ.

ಕೆಲವು ತಿಂಗಳಾದ ಮೇಲೆ ನನ್ನ ವಾಚು ಹಿಂದೆ ಬೀಳತೊಡಗಿತು. ಬೆಂಗಳೂರಿನ ರಿಪೇರಿಯವರ ಹತ್ತಿರ ಒಯ್ದೆ. ಅವರ ಮೇಜಿನ ಮೇಲೆ ಅದೇ ಹೊಸ ಮಾದರಿ ಬೆನ್ನು ಬಿಚ್ಚಿಕೊಂಡು ಮಲಗಿತ್ತು. ಒಳಗೆ ಅರ್ಧಚಂದ್ರದ ಆಕಾರದ ಒಂದು ಲೋಹದ ತುಂಡು.

"ಇದೇನ್ರೀ ಇದು?"

"ಈಗ ಬರೋದಕ್ಕೆಲ್ಲ ಇದೇ ಯಜಮಾನ್ರೇ. ಕೈ ಆಡಿದ್ರೆ ಇದು ಸುತ್ತುತ್ತೆ, ತಾನೇ ಕೀ ಕೊಟ್ಕೊಳ್ಳುತ್ತೆ. ಎಷ್ಟು ತಿರುಗಿಸಿದ್ರೂ ಬಿಗಿಯಲ್ಲ. ಸದ್ದು ಕೇಳಿ ಕೆಲವರು ಕೆಟ್ಟೋಯ್ತು ಅಂತ ಓಡಿಬರ್ತಾರೆ." ಅವರು ನಕ್ಕರು.

ತಾನೇ ಕೀ ಕೊಟ್ಟುಕೊಳ್ಳುವ ವಾಚುಗಳಿವೆ ಎಂಬುದು ನನಗೆ ಗೊತ್ತಿರದ ವಿಷಯವಲ್ಲ. ನಮ್ಮ ಮಾದರಿಗೂ ಅದನ್ನು ಹಾಕಿಯಾರು ಎಂದು ಹೊಳೆದಿರಲಿಲ್ಲ. ಅವತ್ತು ವಾಚಿನ ಜೊತೆ ಬಂದ ಪುಸ್ತಕವನ್ನು ಬಿಡಿಸಿದ್ದರೆ ಚಿತ್ರದಲ್ಲೇ ತಿಳಿಯುತ್ತಿತ್ತು. ಬಿಡಿಸಲಿಲ್ಲ. ಏಕೆಂದರೆ ಅದು ಡೂಪ್ಲಿಕೇಟು ಆಗಲಿ ಎಂದು ನನಗೆ ಬೇಕಾಗಿತ್ತು. ಕಂಪನಿಯ ಮೇಲಿನ ಸಿಟ್ಟು, ನಮ್ಮನ್ನು ಬಿಟ್ಟು ಹೋಗಿ ತಂದನೆಂಬ ಹೊಟ್ಟೆಕಿಚ್ಚು, ಎರಡೂ ಸೇರಿ ಆ ಸದ್ದನ್ನು ಡೂಪ್ಲಿಕೇಟಿನ ಸದ್ದಾಗಿ ಕೇಳಿಸಿದ್ದವು.

ಊರಿಗೆ ಬಂದು ಹೇಳಬೇಕಾಗಿತ್ತು. ಹೇಳಲಿಲ್ಲ. ನನ್ನ ಕಿವಿ ತಪ್ಪಿತು ಎಂದು ಹಬ್ಬಿದರೆ ನಾಳೆ ಅಟ್ಟ ಹತ್ತಿಸುವವರು ಯಾರು ಎಂದು ಹೆದರಿದೆ. ಪ್ರತಿ ಭಾನುವಾರ ಟವೆಲಿನ ಮೇಲೆ ಎರಡೇ ವಾಚು. ಅವನು ಬರಿಗೈಯಲ್ಲಿ ಕೂತು ನಮ್ಮವನ್ನು ನೋಡುತ್ತಿದ್ದ. ಇವನಿಗೆ ಗೊತ್ತಾಗಿರಬಹುದೇ ಎಂದು ನಾನು ಅವನ ಮುಖ ನೋಡುತ್ತಿದ್ದೆ. ಅವನು ಸುಮ್ಮನಿದ್ದರೆ ಅನುಮಾನ, ನಕ್ಕರೆ ಇನ್ನೂ ಹೆಚ್ಚು ಅನುಮಾನ. ಎಂಟು ತಿಂಗಳು ಹೀಗೇ ಕಳೆದೆ.

ಆಮೇಲೊಂದು ದಿನ ಕಾಯಿ ನೋಡಲು ಅವನ ಅಟ್ಟ ಹತ್ತಿದ್ದೆ. ಒಂದನ್ನು ಕಿವಿಗೆ ಹಿಡಿದಿದ್ದೆ. ಏಣಿಯ ಮೇಲಿಂದ ಅವನೆಂದ: "ನೀನು ಹೇಳಿದ್ರೆ ಮುಗೀತು ಕಣ್ಲಾ. ಅವತ್ತು ನಿನ್ ಕಿವಿ ಇಲ್ದಿದ್ರೆ ಬೀಗರ ಮನೆಗೆ ಡೂಪ್ಲಿಕೇಟು ಹೋಗಿ ಇನ್ನೂ ಮರ್ಯಾದೆ ಹೋಗ್ತಿತ್ತು."

ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟೆ. ಅಲ್ಲೇ, ಕಾಯಿಗಳ ನಡುವೆ ಕೂತು, ಎಲ್ಲವನ್ನೂ ಹೇಳಿದೆ.

ಅವನು ಇಳಿದು ಹೋಗಿ ಟ್ರಂಕಿನಿಂದ ಕರ್ಚೀಫಿನ ಗಂಟು ತಂದ. ವಾಚು ನಿಂತಿತ್ತು. "ಅಲ್ಲಾಡಿಸು" ಎಂದೆ. ಅಲ್ಲಾಡಿಸಿದ. ಅದೇ ಸದ್ದು. ಸೆಕೆಂಡಿನ ಮುಳ್ಳು ಹೊರಟಿತು. ಅದು ಒಂದು ಸುತ್ತು ಮುಗಿಸುವವರೆಗೂ ನೋಡಿದ.

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

"ಈ ಎಂಟು ತಿಂಗ್ಳಲ್ಲಿ ನನ್ ಮಗಳು ಆ ಮಾತು ಎಷ್ಟು ಸಲ ಕೇಳವ್ಳೆ ಗೊತ್ತೇನ್ಲಾ? ಅಟ್ಟದ ಮೇಲೆ ಹೇಳಿದ್ರೆ ಆಗಕಿಲ್ಲ. ಬೀಗರ ಜಗಲಿ ಮೇಲೆ ಕೂತು ಹೇಳು."

ಮರುದಿನ ಬೆಳಿಗ್ಗೆ ಅರಳಗುಪ್ಪೆಗೆ ಹೋದೆವು. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ಅವನು ಕಿಟಕಿಯ ಕಡೆಗೇ ಮುಖ ಮಾಡಿದ್ದ. ಜಗಲಿಯಲ್ಲಿ ನಾನು ಹೇಳಿ ಮುಗಿಸಿದಾಗ ಬೀಗರು ನನ್ನನ್ನೂ ವಾಚನ್ನೂ ಸರದಿಯ ಮೇಲೆ ನೋಡಿದರು.

"ಅವತ್ತು ಡೂಪ್ಲಿಕೇಟು ಅಂದೋರೂ ನೀವೇ, ಇವತ್ತು ಅಸಲಿ ಅನ್ನೋರೂ ನೀವೇ. ಯಾವತ್ತಿನ ಮಾತು ನಂಬನ ಯಜಮಾನ್ರೇ?"

ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಬೆಲೆಯಿಲ್ಲದ ಜಾಗದಲ್ಲಿ ಕೂತಿದ್ದೆ.

ಒಳಗಿನಿಂದ ಮಗಳು ಬಂದಳು. ಕೈಯಲ್ಲಿ ಅವಳಪ್ಪನ ಹಳೇ ವಾಚು. ಗಂಡ ಕಟ್ಟಿಕೊಳ್ಳದಿದ್ದರೂ ಅವಳು ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದಳಂತೆ, ನಡೆಯುತ್ತಿತ್ತು. "ಮಾವ, ಅದನ್ನ ಯಾರ ಹತ್ರ ಬೇಕಾದ್ರೂ ತೆಗೆಸಿ ನೋಡಿ. ಇದು ನಮ್ಮಪ್ಪನ ಕೈಗೆ ಹೋಗ್ಲಿ" ಎಂದು ಅಪ್ಪನ ಮಣಿಕಟ್ಟಿಗೆ ತಾನೇ ಕಟ್ಟಿದಳು. ಬೆಲ್ಟು ಹಳೇ ತೂತಿಗೇ ಸರಿಹೋಯಿತು. ನನ್ನ ಕಡೆ ಅವಳು ನೋಡಲಿಲ್ಲ.

ಬೀಗರು ತುಮಕೂರಿನಲ್ಲಿ ತೆಗೆಸಿಯೇ ನೋಡಿದರು. ಆಮೇಲೆ ಆ ಚುಚ್ಚುಮಾತು ನಿಂತಿದೆ ಎಂದು ಕೇಳಿದೆ.

ಭಾನುವಾರ ಟವೆಲಿನ ಮೇಲೆ ಮತ್ತೆ ಮೂರು ವಾಚು. ಅವನು ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ತಿಳಿಯದು. ಕೇಳುವ ಧೈರ್ಯವೂ ಇಲ್ಲ. ಮೊನ್ನೆ ಅವನ ಅಟ್ಟ ಹತ್ತಿ ಒಂದು ಕಾಯಿಯನ್ನು ಕಿವಿಯ ಹತ್ತಿರ ತಂದೆ. ಕೆಳಗಿನಿಂದ ಮಚ್ಚು ಚಾಚಿದ.

"ಕಿವಿ ಬ್ಯಾಡ. ಒಡ್ದು ನೋಡಿ ಹೇಳು."

ಒಡೆದು ನೋಡಿ ಹೇಳಿದೆ.