ಹಳ್ಳದಾಚೆಯ ಮಗು

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಬ್ಯಾಟರಿ ಅಕ್ಕ ಎಂದು. ಹಳೆಯ ಬ್ಯಾಟರಿ ಒಡೆದು ಒಳಗಿನ ಸೀಸವನ್ನು ಕುಲುಮೆಗೆ ಸುರಿಯುವುದು ಅವಳ ಕೆಲಸ. “ಬ್ಯಾಟರಿ ಸತ್ರೂ ನನ್ನ ಬಾಯಿ ಸಾಯಲ್ಲ” ಎಂದು ತಾನೇ ನಗುತ್ತಿದ್ದಳು. ಅಂಥ ಬಾಯಾಳಿ ಆ ವಾರವೆಲ್ಲ ಮಾತು ಬಿಟ್ಟು ಕೂತಿದ್ದಳು ಎಂದರೆ ನಂಬುತ್ತೀರಾ?

ಕಾರಣ ಸರ್ಕಾರದ ಹೊಸ ಕಾನೂನು. ಕುಲುಮೆಯ ಸುತ್ತಲಿನ ಮಕ್ಕಳ ರಕ್ತ ಪರೀಕ್ಷೆ ಮಾಡಬೇಕು. ಹೊಗೆಯಲ್ಲಿನ ಸೀಸ ಮಿತಿಮೀರಿ ಮೈ ಸೇರಿದ್ದರೆ ಕುಲುಮೆಗೆ ಬೀಗ. ಬೀಗ ಬಿದ್ದರೆ ಅವಳ ಮನೆಯ ಒಲೆಯೂ ಆರಿದಂತೆ. ಗಂಡ ಸತ್ತ ಮೇಲೆ ಅವಳ ಮಗಳನ್ನು ಸಾಕಿದ್ದೇ ಆ ಕುಲುಮೆ. ಆ ಮಗಳೋ, ಇತ್ತೀಚೆಗೆ ಹೊಟ್ಟೆನೋವೆಂದು ಮುದುಡಿಕೊಳ್ಳುತ್ತಿದ್ದಳು, ನಿನ್ನೆ ಕಲಿತ ಅಕ್ಷರ ಇವತ್ತು ಮರೆಯುತ್ತಿದ್ದಳು. ಮಣ್ಣು ತಿಂದಿರಬೇಕೆಂದು ಗದರಿಸಿ ಸುಮ್ಮನಾಗಿದ್ದ ಅಕ್ಕನಿಗೆ ಈಗ ಅದು ಸೀಸದ್ದೇ ಕಾಟವೇನೋ ಎಂಬ ಭಯ ಹಿಡಿಯಿತು.

ಕುಲುಮೆಯ ಮನೆಹಾಳ ಮೇಸ್ತ್ರಿ ಅವಳ ಕಿವಿಯಲ್ಲಿ ಊದಿದ: “ನಿನ್ನ ಮಗಳನ್ನ ಕರ್ಕೊಂಡು ಹೋಗ್ಬೇಡ. ದೂರದ ಯಾವ್ದಾದ್ರೂ ಗಟ್ಟಿಮುಟ್ಟಾದ ಮಗೂನ ತೋರ್ಸು. ಅವ್ರಿಗೇನು ಗೊತ್ತಾಗತ್ತೆ?”

ಹೆದರಿದವರಿಗೆ ಬುದ್ಧಿ ಎಲ್ಲಿಂದ ಬರಬೇಕು! ತಂಗಿಯ ಮನೆ ಹಳ್ಳದಾಚೆ; ಅಲ್ಲಿಂದ ಕುಲುಮೆಯ ಹೊಗೆಕೊಳವೆ ಕಾಣುವುದೂ ಇಲ್ಲ. ತಂಗಿಯ ಮಗಳು ಕೆನ್ನೆ ತುಂಬಿದ, ಪಟಪಟ ಮಾತಾಡುವ ಹುಡುಗಿ. “ಬಟ್ಟೆ ಕೊಡಿಸ್ಕೊಂಡು ಬರ್ತೀನಿ ಕಣೇ” ಎಂದು ತಂಗಿಗೆ ಸುಳ್ಳು ಹೇಳಿ ಹುಡುಗಿಯನ್ನು ಹೊರಡಿಸಿದಳು. ದಾರಿಯುದ್ದಕ್ಕೂ ಅದೇ ಪಾಠ: “ಅಲ್ಲಿ ನನ್ನ ಅಮ್ಮಾ ಅನ್ಬೇಕು. ದೊಡ್ಡಮ್ಮ ಅಂದ್ಬಿಟ್ಟೀಯ, ಜೋಕೆ!”

ಶಾಲೆಯ ಕೋಣೆಯಲ್ಲಿ ಸರ್ಕಾರದ ಡಾಕ್ಟರಮ್ಮ ಮಗುವಿನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪುಟ್ಟ ಯಂತ್ರಕ್ಕೆ ಹಾಕಿದರು. ಅಕ್ಕ ಮಗುವಿನ ಬಾಯನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದರೆ ಗತಿಯೇನು? ಯಂತ್ರ ಸದ್ದು ಮಾಡಿತು. ಡಾಕ್ಟರಮ್ಮ ಅಂಕಿ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ಏನಮ್ಮ ಇದು! ಮಗು ಮೈಯಲ್ಲಿ ಇಷ್ಟೊಂದು ಸೀಸ! ನಿಮ್ಮ ಮನೆ ಕುಲುಮೆಗೆ ಅಂಟ್ಕೊಂಡೇ ಇದೆಯಾ?”

ಗಾಳಿ ಹಳ್ಳ ದಾಟಲು ಯಾರ ಅಪ್ಪಣೆ ಕೇಳುತ್ತದೆ? ಹಳ್ಳದಾಚೆಯ ಈ ದುಂಡು ಕೆನ್ನೆಯ ಕೂಸಿಗೇ ಹೀಗಾಗಿದ್ದರೆ... ಮುಂದಿನದನ್ನು ಯೋಚಿಸುವ ಧೈರ್ಯ ಅಕ್ಕನಿಗೆ ಬರಲಿಲ್ಲ. ಕೆಲಸ, ಮೇಸ್ತ್ರಿ, ಜೈಲು ಎಲ್ಲ ಮರೆತು ಡಾಕ್ಟರಮ್ಮನ ಕೈ ಹಿಡಿದುಕೊಂಡಳು.

“ಅಮ್ಮಾ, ತಪ್ಪಾಯ್ತು. ಇವಳು ನನ್ನ ಮಗಳಲ್ಲ, ತಂಗಿ ಮಗಳು. ಇವಳಿರೋದು ಹಳ್ಳದಾಚೆ, ದೂರ.”

“ಮತ್ತೆ ನಿಮ್ಮ ಮಗಳೆಲ್ಲಿ?”

“ಮನೇಲಿ ಮಲಗಿದಾಳೆ. ಕುಲುಮೆ ಗೋಡೆ ಪಕ್ಕದಲ್ಲೇ ನಮ್ಮನೆ. ಬೆಳಿಗ್ಗೆ ಎಷ್ಟು ಅಲುಗಾಡ್ಸಿದ್ರೂ ಸರಿಯಾಗಿ ಕಣ್ಣು ಬಿಡ್ಲಿಲ್ಲಮ್ಮ. ನಿದ್ದೆ ಅಂದ್ಕೊಂಡು ಬಂದ್ಬಿಟ್ಟೆ.”

ಡಾಕ್ಟರಮ್ಮ ಬೈಯಲಿಲ್ಲ. ಚೀಲ ಎತ್ತಿಕೊಂಡು ಓಡತೊಡಗಿದರು.